ಹ್ಯೂಮ್‌ನ ಯಾವ ಪುಸ್ತಕವನ್ನು ಮೊದಲು ಓದಬೇಕು?

1775ರ ಅಕ್ಟೋಬರಿನಲ್ಲಿ ಸ್ಕಾಟ್‌ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ತನ್ನ ಪ್ರಕಾಶಕನಿಗೆ ಒಂದು ಪುಟ್ಟ ಪ್ರಕಟಣೆಯನ್ನು ಕಳುಹಿಸಿದ. ತನ್ನ ಕೃತಿಗಳ ಮುಂದಿನ ಮುದ್ರಣದಲ್ಲಿ ಅದನ್ನು ಸೇರಿಸಬೇಕೆಂಬುದು ಅವನ ಕೋರಿಕೆ. ಹರೆಯದಲ್ಲಿ ಬರೆದು, ಹೆಸರು ಹಾಕದೆ ಅಚ್ಚು ಮಾಡಿಸಿದ ಮೂರು ಸಂಪುಟಗಳ ಪುಸ್ತಕವೊಂದನ್ನು ಹಿಡಿದುಕೊಂಡು ಜನ ತನ್ನ ಮೇಲೆ ಬೀಳುತ್ತಿದ್ದಾರೆ. ಇನ್ನು ಮೇಲೆ, ಅದರ ನಂತರ ತಿದ್ದಿ ಬರೆದ ಚಿಕ್ಕ ಕೃತಿಗಳಲ್ಲಿ ಇರುವುದನ್ನಷ್ಟೇ ತನ್ನ ವಿಚಾರವೆಂದು ತೆಗೆದುಕೊಳ್ಳಬೇಕು ಎಂದು ಅದರಲ್ಲಿ ಹೇಳಿದ್ದ. ಮರುವರ್ಷ ಆಗಸ್ಟ್ 25ರಂದು ಎಡಿನ್‌ಬರೋದಲ್ಲಿ ತೀರಿಕೊಂಡ. ಲೋಕ ಅವನ ಕೋರಿಕೆಯನ್ನು ನಡೆಸಿಕೊಡಲಿಲ್ಲ. ಇಂದು ತತ್ತ್ವಶಾಸ್ತ್ರದ ವಿದ್ವಾಂಸರು ಹ್ಯೂಮ್‌ನ ಮಹಾಕೃತಿ ಎಂದು ಎತ್ತಿ ಹಿಡಿಯುವುದು ಅವನು ಬೇಡವೆಂದ ಅದೇ ಪುಸ್ತಕವನ್ನು.

ಹಾಗಾಗಿ ಹೊಸದಾಗಿ ಓದಹೊರಟವರಿಗೆ ಬಾಗಿಲಲ್ಲೇ ಒಂದು ಇಕ್ಕಟ್ಟು. ಬರೆದವನ ಮಾತು ಕೇಳಬೇಕೋ, ವಿದ್ವಾಂಸರ ಮಾತು ಕೇಳಬೇಕೋ? ಹ್ಯೂಮ್‌ನ ವಿಷಯದಲ್ಲಿ ಈ ಆಯ್ಕೆ ಸಣ್ಣದಲ್ಲ. ಅವನ ಪ್ರಭಾವ ಒಂದೇ ಹೊಳೆಯಾಗಿ ಹರಿದು ಬಂದಿಲ್ಲ. ಒಂದೊಂದು ಪುಸ್ತಕದಿಂದ ಒಂದೊಂದು ಕಾಲುವೆ ಹೊರಟಿದೆ. ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನನ್ನು ಎಚ್ಚರಿಸಿದ್ದು ಮುಖ್ಯವಾಗಿ ಒಂದು ಪುಸ್ತಕ, ಐನ್‌ಸ್ಟೈನ್ ಗೆಳೆಯರೊಡನೆ ಕುಳಿತು ಓದಿದ್ದು ಇನ್ನೊಂದು, ಸೃಷ್ಟಿಕರ್ತನ ಕುರಿತ ವಾದದಲ್ಲಿ ಈಗಲೂ ಉಲ್ಲೇಖವಾಗುವುದು ಮತ್ತೊಂದು. ನೀವು ಯಾವ ಪುಸ್ತಕ ಹಿಡಿಯುತ್ತೀರೋ ಆ ಹ್ಯೂಮ್ ನಿಮಗೆ ಸಿಗುತ್ತಾನೆ.

ಸಾಲಿನಲ್ಲಿರುವ ಪುಸ್ತಕಗಳನ್ನು ಮೊದಲು ಗುರುತಿಸಿಕೊಳ್ಳೋಣ. 1739 ಮತ್ತು 1740ರಲ್ಲಿ ಬಂದ ದೊಡ್ಡ ಕೃತಿ 'ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್'. ಇಲ್ಲಿ 'ಟ್ರೀಟಿಸ್' ಎನ್ನುತ್ತೇನೆ. ಅದರ ಮೊದಲ ಭಾಗವನ್ನೇ ಹೊಸದಾಗಿ ಬರೆದು 1748ರಲ್ಲಿ ತಂದದ್ದು 'ಆನ್ ಎನ್‌ಕ್ವೈರಿ ಕನ್ಸರ್ನಿಂಗ್ ಹ್ಯೂಮನ್ ಅಂಡರ್‌ಸ್ಟ್ಯಾಂಡಿಂಗ್', ಅಂದರೆ 'ಎನ್‌ಕ್ವೈರಿ'. ನೀತಿಯನ್ನು ಕುರಿತ ಎರಡನೆಯ ಎನ್‌ಕ್ವೈರಿ 1751ರದು. ಇವಲ್ಲದೆ ಹಣ, ವ್ಯಾಪಾರ, ರಾಜಕೀಯ, ಅಭಿರುಚಿಗಳ ಮೇಲಿನ ಪ್ರಬಂಧಗಳಿವೆ. 1754ರಿಂದ 1762ರವರೆಗೆ ಬಂದ ಇಂಗ್ಲೆಂಡಿನ ಇತಿಹಾಸದ ಆರು ಸಂಪುಟಗಳಿವೆ. ಬದುಕಿದ್ದಾಗ ಅವನಿಗೆ ಹೆಸರನ್ನೂ ಹಣವನ್ನೂ ತಂದದ್ದು ಆ ಇತಿಹಾಸವೇ. ಕೊನೆಯದು, ಸಾವಿನ ನಂತರ 1779ರಲ್ಲಿ ಸೋದರನ ಮಗ ಅಚ್ಚು ಹಾಕಿಸಿದ 'ಡೈಲಾಗ್ಸ್ ಕನ್ಸರ್ನಿಂಗ್ ನ್ಯಾಚುರಲ್ ರಿಲಿಜನ್'.

ಒಂದೇ ಪುಸ್ತಕಕ್ಕೆ ಸಮಯವಿರುವವರಿಗೆ ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಎನ್‌ಕ್ವೈರಿಯನ್ನು ಓದಿ. ಎರಡು ಪುಸ್ತಕಗಳಿಗೆ ಬಿಡುವಿದ್ದರೆ ಅದರ ಜೊತೆಗೆ ಡೈಲಾಗ್ಸ್ ಇರಲಿ. ಟ್ರೀಟಿಸ್ ಮೂರನೆಯದಾಗಿ ಬರಲಿ, ಆದರೆ ಬಂದೇ ಬರಲಿ.

ಎನ್‌ಕ್ವೈರಿ: ಬೀಜ ಇರುವುದು ಇಲ್ಲಿ

ತಿಳಿವೆಲ್ಲ ಅನುಭವದಿಂದಲೇ ಬರುತ್ತದೆ ಎನ್ನುವ ಹ್ಯೂಮ್‌ನ ಅನುಭವವಾದದ ತಿರುಳು ಒಂದು ಸರಳ ಪ್ರಶ್ನೆಯಲ್ಲಿದೆ. ಅವನ ಉದಾಹರಣೆ ಬಿಲಿಯರ್ಡ್ಸ್ ಚೆಂಡಿನದು; ನಮಗೆ ಕೇರಂ ಹಲಗೆ ಹೆಚ್ಚು ಹತ್ತಿರ. ಸ್ಟ್ರೈಕರ್ ಬಂದು ಕಾಯಿಗೆ ತಾಗುತ್ತದೆ, ಕಾಯಿ ಚಲಿಸುತ್ತದೆ. ಒಂದು ಇನ್ನೊಂದನ್ನು 'ಚಲಿಸುವಂತೆ ಮಾಡಿತು' ಎನ್ನುತ್ತೇವೆ. ಕಣ್ಣಿಗೆ ಕಂಡದ್ದೇನು? ಸ್ಟ್ರೈಕರಿನ ಚಲನೆ ಕಂಡಿತು, ತಾಗಿದ್ದು ಕಂಡಿತು, ಆಮೇಲೆ ಕಾಯಿಯ ಚಲನೆ ಕಂಡಿತು. ಆ 'ಮಾಡಿತು' ಎಂಬುದು, ಒಂದನ್ನು ಇನ್ನೊಂದಕ್ಕೆ ಬಿಗಿದ ಆ ಗಂಟು, ಎಲ್ಲಿ ಕಂಡಿತು? ಎಷ್ಟು ಸೂಕ್ಷ್ಮವಾಗಿ ನೋಡಿದರೂ ಕಾಣುವುದಿಲ್ಲ ಎನ್ನುತ್ತಾನೆ ಹ್ಯೂಮ್. ಇಂಥದರ ಹಿಂದೆ ಅಂಥದು ಬರುವುದನ್ನು ಮತ್ತೆ ಮತ್ತೆ ನೋಡಿದ ಮನಸ್ಸು, ಮೊದಲಿನದನ್ನು ಕಂಡ ಕೂಡಲೇ ಎರಡನೆಯದನ್ನು ಎದುರು ನೋಡುವ ರೂಢಿಗೆ ಬೀಳುತ್ತದೆ. ಆ ನಿರೀಕ್ಷೆಯನ್ನೇ ನಾವು ಹೊರಜಗತ್ತಿನ ಶಕ್ತಿ ಎಂದು ಭಾವಿಸುತ್ತೇವೆ.

ನಮ್ಮಲ್ಲಿ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರೆ. ಕಾಗೆ ಮುರಿಯಲಿಲ್ಲ, ಎರಡೂ ಒಟ್ಟಿಗೆ ಆದವು, ಅಷ್ಟೇ. ಗಾದೆಯನ್ನು ಬಳಸುವ ನಮಗೆ ಒಂದು ನಂಬಿಕೆ ಇದೆ: ಕಾಗೆಯ ಪ್ರಸಂಗ ಒಂದು ಬಗೆಯದು, ಬೆಂಕಿ ಕೈಯನ್ನು ಸುಡುವುದು ಇನ್ನೊಂದು ಬಗೆಯದು. ಹ್ಯೂಮ್‌ನ ಓದುಗನಿಗೆ ಹೊಟ್ಟೆಯೊಳಗೆ ತಳಮಳ ಏಳುವುದು ಇಲ್ಲಿ. ಎರಡರ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಯಾವುದು? ಬೆಂಕಿಯದು ಪ್ರತಿ ಸಲವೂ ಆಗಿದೆ, ಕಾಗೆಯದು ಒಂದು ಸಲ. ಪ್ರತಿ ಸಲ ಆಗಿದ್ದರಿಂದ ನಾಳೆಯೂ ಆಗುತ್ತದೆ ಎನ್ನಲು ಆಧಾರ ಯಾವುದು? ಇಲ್ಲಿಯವರೆಗೆ ಹಾಗೆಯೇ ನಡೆದು ಬಂದಿದೆ ಎಂದರೆ, ಯಾವುದನ್ನು ಸಾಧಿಸಬೇಕೋ ಅದನ್ನೇ ಆಧಾರವಾಗಿ ಕೊಟ್ಟಂತಾಯಿತು. ಎನ್‌ಕ್ವೈರಿಯ ನಾಲ್ಕನೆಯ ಮತ್ತು ಐದನೆಯ ಅಧ್ಯಾಯಗಳಲ್ಲಿ ಈ ವಾದ ಎಷ್ಟು ತಿಳಿಯಾಗಿ ಬಂದಿದೆಯೆಂದರೆ, ಅದಕ್ಕಿಂತ ಚೆನ್ನಾಗಿ ಬೇರೆ ಯಾರೂ ಹೇಳಿದ್ದನ್ನು ನಾನು ಓದಿಲ್ಲ.

ಕನ್ನಡದಲ್ಲಿ ಇದನ್ನು ಯೋಚಿಸುವಾಗ ನನಗೆ 'ಅನುಮಾನ' ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಅನುಮಾನವೆಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ. ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು. ದಿನನಿತ್ಯದ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ಜ್ಞಾನದ ದಾರಿಗೂ ಸಂಶಯಕ್ಕೂ ಒಂದೇ ಹೆಸರಿರುವ ಭಾಷೆಯಲ್ಲಿ ಹ್ಯೂಮ್‌ನನ್ನು ಅರ್ಥ ಮಾಡಿಕೊಳ್ಳುವುದು ಸುಲಭವಾಗಬೇಕು. ಅನುಮಾನದ ಮೇಲೆಯೇ ಅವನಿಗೆ ಅನುಮಾನ.

ಈ ಪ್ರಶ್ನೆ ನಮ್ಮ ನೆಲದಲ್ಲಿ ಹೊಸದೂ ಅಲ್ಲ. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರು ಬರೆದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯವೇ, ಪ್ರತ್ಯಕ್ಷವನ್ನು ಮಾತ್ರ ಒಪ್ಪುವ ಚಾರ್ವಾಕರದು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ವ್ಯಾಪ್ತಿಯನ್ನು, ಅಂದರೆ ಎಂದೂ ತಪ್ಪದ ನಂಟನ್ನು, ತಿಳಿದದ್ದು ಹೇಗೆ ಎಂದು ಅಲ್ಲಿ ಚಾರ್ವಾಕ ಕೇಳುತ್ತಾನೆ. ಪ್ರತ್ಯಕ್ಷದಿಂದ ಎಂದರೆ, ಹಿಂದಿನ ಮತ್ತು ಮುಂದಿನ ಹೊಗೆಗಳನ್ನು ಯಾರೂ ಕಂಡಿಲ್ಲ. ಅನುಮಾನದಿಂದ ಎಂದರೆ, ಆ ಅನುಮಾನಕ್ಕೆ ಇನ್ನೊಂದು ವ್ಯಾಪ್ತಿ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಹ್ಯೂಮ್ ಇದನ್ನು ಓದಿದ್ದನೆಂದು ಹೇಳಲು ಯಾವ ಆಧಾರವೂ ಇಲ್ಲ, ಹೇಳುವ ಅಗತ್ಯವೂ ಇಲ್ಲ. ಇಬ್ಬರೂ ಬೇರೆಯಾಗುವ ಜಾಗವೇ ಹೆಚ್ಚು ಸ್ವಾರಸ್ಯದ್ದು. ಹೊಗೆ ಕಂಡು ಹೋದವನಿಗೆ ಬೆಂಕಿ ಸಿಗುವುದು ಆಕಸ್ಮಿಕ, ಮಣಿ ಮಂತ್ರ ಔಷಧಿಗಳು ಒಮ್ಮೊಮ್ಮೆ ಫಲಿಸುವ ಹಾಗೆ, ಎಂದು ಚಾರ್ವಾಕ ಕೈತೊಳೆದುಕೊಳ್ಳುತ್ತಾನೆ. ಹ್ಯೂಮ್ ಅಲ್ಲಿಗೆ ನಿಲ್ಲಿಸದೆ, ಆಧಾರವಿಲ್ಲದಿದ್ದರೂ ನಾವೇಕೆ ನಂಬುತ್ತೇವೆ ಎಂದು ಮನುಷ್ಯನ ಸ್ವಭಾವದೊಳಕ್ಕೆ ಇಳಿಯುತ್ತಾನೆ. ರೂಢಿಯೇ ಬದುಕಿನ ದೊಡ್ಡ ದಾರಿದೀಪ ಎಂಬುದು ಅವನ ಉತ್ತರ. ತತ್ತ್ವಶಾಸ್ತ್ರವನ್ನು ಮನಶ್ಶಾಸ್ತ್ರದ ಹತ್ತಿರಕ್ಕೆ ಎಳೆದು ತಂದ ಹೆಜ್ಜೆ ಇದು.

ಎನ್‌ಕ್ವೈರಿಯ ಕಾಲುವೆ ಹರಿದು ಹೋದ ದೂರವನ್ನು ನೋಡಿ. ಜರ್ಮನ್ ಭಾಷೆಗೆ ಇದು 1755ರಲ್ಲೇ ಬಂತು. ಹ್ಯೂಮ್‌ನ ನೆನಪೇ ತನ್ನನ್ನು ಸಿದ್ಧಾಂತದ ಜೊಂಪಿನಿಂದ ಎಬ್ಬಿಸಿತು ಎಂದು ಕಾಂಟ್ 1783ರಲ್ಲಿ ಬರೆದ. ಕಾರ್ಯಕಾರಣ ಸಂಬಂಧ ಅನುಭವದಿಂದ ಬಂದದ್ದಲ್ಲವಾದರೆ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದಲೇ ಅವನ ಇಡೀ ವ್ಯವಸ್ಥೆ ಮೇಲೆದ್ದಿತು. 20ನೆಯ ಶತಮಾನದಲ್ಲಿ ತತ್ತ್ವಜ್ಞಾನಿಗಳಾದ ಕಾರ್ಲ್ ಪಾಪರ್, ನೆಲ್ಸನ್ ಗುಡ್‌ಮನ್ ಇಬ್ಬರೂ ಇದೇ ಗಾಯವನ್ನು ಬೇರೆ ಬೇರೆ ಬಗೆಯಲ್ಲಿ ಹೊಲಿಯಲು ನೋಡಿದರು. ಏಳನೆಯ ಅಧ್ಯಾಯದಲ್ಲಿ ಹ್ಯೂಮ್ ಕಾರಣವನ್ನು ವಿವರಿಸುತ್ತಾ ಸುಳುವಾಗಿ ಒಂದು ಮಾತು ಸೇರಿಸುತ್ತಾನೆ: ಮೊದಲಿನದು ಇರದಿದ್ದರೆ ಎರಡನೆಯದು ಆಗುತ್ತಲೇ ಇರಲಿಲ್ಲ. ಟ್ರೀಟಿಸ್‌ನ ವಿವರಣೆಯಲ್ಲಿ ಈ ಮಾತಿಲ್ಲ. ತತ್ತ್ವಜ್ಞಾನಿ ಡೇವಿಡ್ ಲೂಯಿಸ್ 1973ರಲ್ಲಿ ಆ ಒಂದು ವಾಕ್ಯವನ್ನೇ ಹಿಡಿದು ಕಾರಣದ ಹೊಸ ಸಿದ್ಧಾಂತವನ್ನು ಕಟ್ಟಿದ. ಆಮೇಲೆ ಕಂಪ್ಯೂಟರ್ ವಿಜ್ಞಾನಿ ಜೂಡಿಯಾ ಪರ್ಲ್ ಅದೇ ಬಗೆಯ ಯೋಚನೆಯನ್ನು ಗಣಿತಕ್ಕೆ ಇಳಿಸಿದರು. ಔಷಧಿ ತೆಗೆದುಕೊಂಡವನು ಗುಣವಾದ ಎಂದರೆ ಸಾಲದು, ತೆಗೆದುಕೊಳ್ಳದಿದ್ದರೆ ಗುಣವಾಗುತ್ತಿದ್ದನೇ ಎಂದೂ ಕೇಳಬೇಕು. ಔಷಧಿ ಕೊಡದ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸುವುದರ ಹಿಂದೆ ಇರುವುದು ಈ ಪ್ರಶ್ನೆಯೇ. ಹಳೆಯ ದತ್ತಾಂಶದ ಮೇಲೆ ತರಬೇತಿ ಪಡೆದ ಯಂತ್ರಕಲಿಕೆಯ ಮಾದರಿ, ಜಗತ್ತು ಸ್ವಲ್ಪ ಬದಲಾದ ಕೂಡಲೇ ಎಡವುವುದನ್ನು ಕಂಡವರಿಗೆ ನಾಲ್ಕನೆಯ ಅಧ್ಯಾಯ ತಮ್ಮದೇ ಕೆಲಸದ ಬಗ್ಗೆ ಬರೆದಂತೆ ಕಾಣುತ್ತದೆ.

ಹತ್ತನೆಯ ಅಧ್ಯಾಯ ಪವಾಡಗಳದು. ಟ್ರೀಟಿಸ್‌ನಲ್ಲಿ ಇದೂ ಇಲ್ಲ. ವಿವೇಕಿಯಾದವನು ಪುರಾವೆ ಎಷ್ಟಿದೆಯೋ ನಂಬಿಕೆಯನ್ನೂ ಅಷ್ಟೇ ಇಟ್ಟುಕೊಳ್ಳುತ್ತಾನೆ ಎಂಬುದು ಅಲ್ಲಿನ ಅಳತೆಗೋಲು. ಪವಾಡ ನಡೆಯಿತೆಂದು ಒಬ್ಬ ಹೇಳಿದರೆ, ಅವನ ಮಾತು ಸುಳ್ಳಾಗುವುದು ಆ ಪವಾಡಕ್ಕಿಂತ ದೊಡ್ಡ ಪವಾಡವಾಗುತ್ತದೆಯೇ ಎಂದು ತೂಗಬೇಕು. ಅದೇ ಅಧ್ಯಾಯದಲ್ಲಿ ಹಿಮಗಟ್ಟುವಿಕೆಯ ಸುದ್ದಿಯನ್ನು ನಂಬದೆ ಹೋದ ಒಬ್ಬ ಭಾರತೀಯ ರಾಜಕುಮಾರ ಬರುತ್ತಾನೆ. ಅವನು ತರ್ಕಿಸಿದ್ದು ಸರಿಯಾಗಿಯೇ ಇತ್ತು, ಅವನ ಅನುಭವಕ್ಕೆ ನಿಲುಕದ್ದನ್ನು ನಂಬಿಸಲು ಬಲವಾದ ಸಾಕ್ಷ್ಯ ಬೇಕಿತ್ತು ಎಂದು ಹ್ಯೂಮ್ ಅವನ ಪರ ನಿಲ್ಲುತ್ತಾನೆ. ಆದರೆ ನೀರು ಗಟ್ಟಿಯಾಗುವುದು ನಿಜವಾಗಿತ್ತಲ್ಲ! ವಾದದ ಬಿರುಕು ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಬೇಯ್ಸ್‌ನ ಸಂಭವನೀಯತೆಯ ಗಣಿತವನ್ನು 1763ರಲ್ಲಿ ಬೆಳಕಿಗೆ ತಂದ ರಿಚರ್ಡ್ ಪ್ರೈಸ್ 1767ರಲ್ಲಿ ಆ ಗಣಿತವನ್ನೇ ಹಿಡಿದು ಹ್ಯೂಮ್‌ಗೆ ಉತ್ತರ ಬರೆದ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಕರ್ನಾಟಕದ ಓದುಗರಿಗೆ ಈ ಅಧ್ಯಾಯ 1976ನ್ನು ನೆನಪಿಸುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ ವರ್ಷ ಅದು. ಇಬ್ಬರ ದಾರಿಯೂ ಬೇರೆ. ಹ್ಯೂಮ್ ಕೋಣೆಯಲ್ಲಿ ಕುಳಿತು ಸಾಕ್ಷಿಯ ಮಾತನ್ನು ತೂಗುತ್ತಾನೆ. ನರಸಿಂಹಯ್ಯನವರು, ಭೌತವಿಜ್ಞಾನಿಯಾಗಿ, ಕಣ್ಣೆದುರು ಮಾಡಿ ತೋರಿಸಿ ಎಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಎರಡನೆಯ ದಾರಿಗೆ ಹತ್ತಿರ. ಹತ್ತನೆಯ ಅಧ್ಯಾಯವನ್ನು ಓದಿದ ಮೇಲೆ, ಎರಡರಲ್ಲಿ ಯಾವುದು ಗಟ್ಟಿ ಎಂದು ನೀವೇ ಯೋಚಿಸಿ. ನನ್ನ ಮತ ನರಸಿಂಹಯ್ಯನವರ ಕಡೆಗೆ.

ಟ್ರೀಟಿಸ್: ಕಷ್ಟದ ಪುಸ್ತಕ, ದೊಡ್ಡ ಪುಸ್ತಕ

ಇಷ್ಟೆಲ್ಲ ಎನ್‌ಕ್ವೈರಿಯಲ್ಲೇ ಇರುವಾಗ ಟ್ರೀಟಿಸ್ ಏಕೆ? ಹ್ಯೂಮ್ ಕೈಬಿಟ್ಟದ್ದರಲ್ಲಿ ಚಿನ್ನವೂ ಇತ್ತು, ಅದಕ್ಕೆ.

ಮುಖ್ಯವಾದದ್ದು 'ನಾನು' ಎಂಬುದರ ವಿಚಾರ. ನನ್ನೊಳಗೆ ಎಷ್ಟು ಆಳಕ್ಕೆ ಇಳಿದು ನೋಡಿದರೂ ಬಿಸಿ, ತಂಪು, ಬೆಳಕು, ನೆರಳು, ಪ್ರೀತಿ, ದ್ವೇಷ ಇಂಥ ಯಾವುದೋ ಒಂದು ಅನುಭವವೇ ಎದುರಾಗುತ್ತದೆ. ಅನುಭವಗಳನ್ನು ಬಿಟ್ಟು 'ನಾನು' ಎಂಬುದೊಂದು ಎಂದೂ ಸಿಕ್ಕಿಲ್ಲ ಎನ್ನುತ್ತಾನೆ. ಮನುಷ್ಯ ಅನುಭವಗಳ ಕಟ್ಟು, ಕಂತೆ. ಸ್ಥಿರವಾದ ಆತ್ಮವಿಲ್ಲ, ಐದು ಬಗೆಯ ಅಂಶಗಳ ಕೂಟವಷ್ಟೇ ಇದೆ ಎನ್ನುವ ಬೌದ್ಧರ ಅನಾತ್ಮವಾದವನ್ನೂ ಪಂಚಸ್ಕಂಧಗಳನ್ನೂ ಬಲ್ಲವರಿಗೆ ಇಲ್ಲಿ ಮೈ ಜುಮ್ಮೆನ್ನುತ್ತದೆ. ಹ್ಯೂಮ್ ಈ ಪುಸ್ತಕವನ್ನು ಬರೆದದ್ದು ಫ್ರಾನ್ಸಿನ ಲಾ ಫ್ಲೆಶ್ ಎಂಬ ಊರಿನಲ್ಲಿ. ಅಲ್ಲಿನ ಜೆಸ್ಯೂಟ್ ಕಾಲೇಜಿಗೆ, ಟಿಬೆಟ್ಟಿನಲ್ಲಿ ಬೌದ್ಧ ಗ್ರಂಥಗಳನ್ನು ಅಭ್ಯಾಸ ಮಾಡಿದ್ದ ಪಾದ್ರಿ ದೆಸಿದೆರಿ ಕೆಲವು ವರ್ಷ ಮೊದಲು ಬಂದು ಹೋಗಿದ್ದ. ಇದನ್ನು ಹಿಡಿದು ಮನಶ್ಶಾಸ್ತ್ರಜ್ಞೆ ಆಲಿಸನ್ ಗೋಪ್ನಿಕ್ 2009ರಲ್ಲಿ, ಬೌದ್ಧ ವಿಚಾರ ಹ್ಯೂಮ್‌ನನ್ನು ತಲುಪಿದ್ದಿರಬಹುದು ಎಂಬ ಸಾಧ್ಯತೆಯನ್ನು ಮುಂದಿಟ್ಟರು. ಸಾಧ್ಯತೆಯನ್ನು ಸಾಧ್ಯತೆಯಾಗಿಯೇ ಇಟ್ಟುಕೊಳ್ಳಬೇಕು. ಬೌದ್ಧ ವಿಚಾರ ಹ್ಯೂಮ್‌ನ ಕಿವಿಗೆ ಬಿದ್ದಿತ್ತು ಎನ್ನಲು ನೇರ ಪುರಾವೆ ಇಲ್ಲ. ಹ್ಯೂಮ್ ಎಲ್ಲ ನಮ್ಮಿಂದಲೇ ಕಲಿತ ಎಂದು ಹಾರಾಡುವವರು ಎನ್‌ಕ್ವೈರಿಯ ಹತ್ತನೆಯ ಅಧ್ಯಾಯವನ್ನು ಓದುವುದು ಒಳ್ಳೆಯದು.

ಎರಡನೆಯದು 'ಇದೆ' ಮತ್ತು 'ಇರಬೇಕು'ಗಳ ನಡುವಿನ ಕಂದಕ. ಮೂರನೆಯ ಸಂಪುಟದಲ್ಲಿ ಒಂದೇ ಒಂದು ಪ್ಯಾರಾ. ನೀತಿಯ ಬಗ್ಗೆ ಬರೆಯುವವರು ಹೀಗಿದೆ, ಹೀಗಿದೆ ಎಂದು ಹೇಳುತ್ತಾ ಬಂದು, ಯಾರ ಗಮನಕ್ಕೂ ಬಾರದಂತೆ ಹೀಗಿರಬೇಕು ಎಂಬಲ್ಲಿಗೆ ದಾಟಿಬಿಡುತ್ತಾರೆ. ಆ ದಾಟುವಿಕೆಗೆ ಕಾರಣ ಕೊಡಬೇಕಲ್ಲವೇ ಎಂದು ಹ್ಯೂಮ್ ಕೇಳುತ್ತಾನೆ. 'ಹಿಂದಿನಿಂದ ನಡೆದು ಬಂದಿದೆ, ಆದ್ದರಿಂದ ನಡೆಯಬೇಕು' ಎಂಬ ಮಾತನ್ನು ಮನೆಯಲ್ಲಿ, ಮಠದಲ್ಲಿ, ಊರಿನ ಪಂಚಾಯಿತಿಯಲ್ಲಿ ಕೇಳಿ ಬೆಳೆದ ನನಗೆ ಆ ಒಂದು ಪ್ಯಾರಾ ಒಂದು ಗ್ರಂಥದಷ್ಟು ತೂಕದ್ದಾಗಿ ಕಂಡಿತು. ಹೊಸ ತಂತ್ರಜ್ಞಾನ ಬಂದಿದೆ, ಆದ್ದರಿಂದ ಬಳಸಲೇಬೇಕು ಎನ್ನುವವರಿಗೂ ಅದೇ ಪ್ರಶ್ನೆ ಸಲ್ಲುತ್ತದೆ. ಇದೇ ಮೂರನೆಯ ಸಂಪುಟವನ್ನು ಓದಿದಾಗ ಕಣ್ಣಿನ ಪೊರೆ ಕಳಚಿ ಬಿದ್ದಂತಾಯಿತು ಎಂದು ಜೆರೆಮಿ ಬೆಂಥಮ್ 1776ರಲ್ಲಿ ಬರೆದುಕೊಂಡ. ಹೆಚ್ಚು ಜನರ ಹೆಚ್ಚು ಸುಖವೇ ನೀತಿಯ ಅಳತೆ ಎನ್ನುವ ಅವನ ಉಪಯುಕ್ತತಾವಾದದ ಒಂದು ಬೇರು ಇಲ್ಲಿದೆ.

ಐನ್‌ಸ್ಟೈನ್ ಓದಿದ್ದೂ ಟ್ರೀಟಿಸನ್ನೇ. ಬರ್ನ್ ನಗರದಲ್ಲಿ ಪೇಟೆಂಟ್ ಕಚೇರಿಯ ನೌಕರನಾಗಿದ್ದಾಗ, ಇಬ್ಬರು ಗೆಳೆಯರ ಜೊತೆ 'ಒಲಿಂಪಿಯಾ ಅಕಾಡೆಮಿ' ಎಂದು ಹೆಸರಿಟ್ಟುಕೊಂಡ ಓದಿನ ಕೂಟದಲ್ಲಿ ಜರ್ಮನ್ ಅನುವಾದದಲ್ಲಿ ಓದಿದ. ಸಾಪೇಕ್ಷತಾ ಸಿದ್ಧಾಂತವನ್ನು ಕಾಣುವುದಕ್ಕೆ ಸ್ವಲ್ಪ ಮೊದಲು ಹ್ಯೂಮ್‌ನ ಟ್ರೀಟಿಸನ್ನು ಆಸಕ್ತಿಯಿಂದ, ಮೆಚ್ಚುಗೆಯಿಂದ ಓದಿದ್ದೆ, ಆ ಓದು ಇಲ್ಲದಿದ್ದರೆ ಪರಿಹಾರ ಹೊಳೆಯದೆಯೇ ಹೋಗಬಹುದಿತ್ತು ಎಂದು 1915ರ ಡಿಸೆಂಬರಿನಲ್ಲಿ ತತ್ತ್ವಜ್ಞಾನಿ ಮೊರಿಟ್ಸ್ ಶ್ಲಿಕ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಭೌತವಿಜ್ಞಾನಕ್ಕೆ ಹ್ಯೂಮ್ ಒಂದು ಸಮೀಕರಣವನ್ನೂ ಕೊಟ್ಟವನಲ್ಲ. ಯಾವ ಪರಿಕಲ್ಪನೆಯಾದರೂ ಸರಿ, ಅದು ಯಾವ ಅನುಭವದಿಂದ ಬಂತು ಎಂದು ಕೇಳುವ ಧೈರ್ಯವನ್ನು ಕೊಟ್ಟ. ಎರಡು ಘಟನೆಗಳು 'ಏಕಕಾಲದಲ್ಲಿ' ನಡೆದವು ಎಂದರೆ ಏನರ್ಥ, ಅದನ್ನು ಅಳೆಯುವುದು ಹೇಗೆ ಎಂದು ಕೇಳಲು ಅಂಥ ಧೈರ್ಯವೇ ಬೇಕಾಗಿತ್ತು.

ಇಷ್ಟಾದರೂ ಇದನ್ನೇ ಮೊದಲು ಓದಿ ಎಂದು ಹೇಳಲು ನನಗೆ ಮನಸ್ಸಿಲ್ಲ. ನಾನು ಶುರು ಮಾಡಿದ್ದು ಟ್ರೀಟಿಸ್‌ನಿಂದಲೇ. ಮೊದಲ ಸಂಪುಟದ ಎರಡನೆಯ ಭಾಗ ದೇಶ (ಅಂದರೆ ಅವಕಾಶ, ಸ್ಪೇಸ್) ಮತ್ತು ಕಾಲಗಳ ವಿಭಜನೆಯ ಬಗ್ಗೆ ಇದೆ. ಅಲ್ಲಿ ಸಿಕ್ಕಿಕೊಂಡು ಪುಸ್ತಕವನ್ನು ಕಪಾಟಿಗೆ ಸೇರಿಸಿದವನು ಬಹಳ ಕಾಲ ಅದನ್ನು ಮತ್ತೆ ತೆಗೆಯಲಿಲ್ಲ. ನಿಮಗೆ ಹಾಗಾಗಬಾರದು. ಟ್ರೀಟಿಸ್ ಹಿಡಿದರೆ ಮೊದಲ ಸಲ ಆ ಭಾಗವನ್ನು ಪೂರ್ತಿ ಬಿಟ್ಟು, ಕಾರ್ಯಕಾರಣದ ಮೂರನೆಯ ಭಾಗಕ್ಕೆ ಹೋಗಿ, ಅಲ್ಲಿಂದ ನಾಲ್ಕನೆಯ ಭಾಗದ ಕೊನೆಯ ಎರಡು ಅಧ್ಯಾಯಗಳಿಗೆ ಬನ್ನಿ. ಕೊನೆಯ ಅಧ್ಯಾಯದಲ್ಲಿ ಇಪ್ಪತ್ತರ ಹರೆಯದ ಲೇಖಕ ತನ್ನ ವಾದಗಳಿಂದ ತಾನೇ ತತ್ತರಿಸಿ, ಎಲ್ಲಿದ್ದೇನೆ, ಯಾರು ನಾನು ಎಂದು ಕಂಗೆಡುತ್ತಾನೆ. ಊಟ ಮಾಡುತ್ತಾನೆ, ಗೆಳೆಯರೊಡನೆ ಪಗಡೆಯಂಥ ಆಟವಾಡುತ್ತಾನೆ, ನಾಲ್ಕು ಮಾತಾಡಿ ನಗುತ್ತಾನೆ; ಮೂರು ನಾಲ್ಕು ಗಂಟೆಯ ಮೇಲೆ ಆ ವಾದಗಳತ್ತ ಮರಳಿದರೆ ಅವು ತಣ್ಣಗಾಗಿ, ಅಸಹಜವಾಗಿ ಕಾಣುತ್ತವೆ. ತತ್ತ್ವಶಾಸ್ತ್ರದಲ್ಲಿ ಇಷ್ಟು ಪ್ರಾಮಾಣಿಕವಾದ ಪುಟಗಳು ಕಡಿಮೆ. ಎನ್‌ಕ್ವೈರಿಯ ನಯವಾದ ಗದ್ಯದಲ್ಲಿ ಈ ಯುವಕ ಮರೆಯಾಗಿದ್ದಾನೆ, ಅದೊಂದೇ ನನ್ನ ಕೊರಗು.

ಟ್ರೀಟಿಸ್ ಅಚ್ಚಾದಾಗ ಯಾರೂ ಕಣ್ಣೆತ್ತಿ ನೋಡಲಿಲ್ಲ. ಮುದ್ರಣಾಲಯದಿಂದ ಸತ್ತೇ ಹುಟ್ಟಿತು ಎಂದು ಹ್ಯೂಮ್ ನೊಂದು ಬರೆದ. ಜನಕ್ಕೆ ಅರ್ಥವಾಗಲಿ ಎಂದು 1740ರಲ್ಲಿ ಅದರ ಸಾರವನ್ನು ಕಿರುಹೊತ್ತಿಗೆಯಾಗಿ, ಹೆಸರಿಲ್ಲದೆ ಹೊರತಂದ. ಅದೂ ಮರೆತುಹೋಯಿತು. 1938ರಲ್ಲಿ ಅರ್ಥಶಾಸ್ತ್ರಜ್ಞರಾದ ಕೇನ್ಸ್ ಮತ್ತು ಸ್ರಾಫಾ ಅದನ್ನು ಮರಳಿ ಮುದ್ರಿಸಿ, ಬರೆದವನು ಹ್ಯೂಮನೇ ಎಂದು ತೋರಿಸಿಕೊಟ್ಟರು. ಟ್ರೀಟಿಸ್‌ಗೆ ಇಳಿಯುವ ಮುನ್ನ ಈ 'ಆಬ್‌ಸ್ಟ್ರ್ಯಾಕ್ಟ್' ಓದಿಕೊಳ್ಳುವುದು ಒಳ್ಳೆಯದು. ಒಂದು ಸಂಜೆ ಸಾಕು.

ಡೈಲಾಗ್ಸ್: ಸಂಭಾಷಣೆಯ ಸೊಗಸು

ವಾದಗಳ ಸರಣಿಗಿಂತ ಮನುಷ್ಯರ ಮಾತನ್ನು ಇಷ್ಟಪಡುವವರು ಇದರಿಂದಲೇ ಶುರು ಮಾಡಬಹುದು. ಮೂವರು ಕುಳಿತು ಮಾತಾಡುತ್ತಾರೆ. ಜಗತ್ತು ಯಂತ್ರದಂತಿದೆ, ಆದ್ದರಿಂದ ಅದಕ್ಕೊಬ್ಬ ಬುದ್ಧಿವಂತ ನಿರ್ಮಾಪಕ ಇದ್ದಾನೆ ಎನ್ನುವವನು ಕ್ಲಿಯಾಂಥೆಸ್. ದೇವರು ತರ್ಕಕ್ಕೆ ನಿಲುಕದವನು ಎನ್ನುವ ಸಂಪ್ರದಾಯಸ್ಥ ಡೆಮಿಯಾ. ಎಲ್ಲವನ್ನೂ ಕೆದಕುವವನು ಫಿಲೋ. ಹ್ಯೂಮ್ ಯಾರ ಪರ ಎಂದು ಈಗಲೂ ವಿದ್ವಾಂಸರು ಜಗಳವಾಡುತ್ತಾರೆ. ಹೆಚ್ಚಿನವರು ಫಿಲೋ ಎನ್ನುತ್ತಾರೆ, ನಾನೂ ಹಾಗೆಯೇ ಓದಿದ್ದೇನೆ.

ಜಗತ್ತನ್ನು ಗಡಿಯಾರಕ್ಕೋ ಮನೆಗೋ ಏಕೆ ಹೋಲಿಸಬೇಕು, ಬೆಳೆಯುವ ಗಿಡಕ್ಕೆ, ಹುಟ್ಟುವ ಪ್ರಾಣಿಗೆ ಏಕೆ ಹೋಲಿಸಬಾರದು ಎಂದು ಫಿಲೋ ಕೇಳುತ್ತಾನೆ. ಏಳನೆಯ ಭಾಗದಲ್ಲಿ, ಅನಂತವಾದ ಒಂದು ಜೇಡ ತನ್ನ ಒಡಲಿನಿಂದ ಈ ಜಗತ್ತನ್ನು ನೇಯ್ದಿದೆ ಎಂದು ಬ್ರಾಹ್ಮಣರು ಹೇಳುತ್ತಾರೆ ಎಂಬ ಮಾತು ಬರುತ್ತದೆ. ಮುಂಡಕೋಪನಿಷತ್ತಿನ ಊರ್ಣನಾಭಿ, ಅಂದರೆ ಜೇಡ, ಹೀಗೆ ಯುರೋಪಿಗೆ ಹೋಗಿ ವೇಷ ಬದಲಿಸಿಕೊಂಡು ಕುಳಿತಿದೆ. ಉಪನಿಷತ್ತಿನಲ್ಲಿ ಅದು ಉಪಮೆ, ಹ್ಯೂಮ್‌ನಲ್ಲಿ ಅದು ತಮಾಷೆಯಂತೆ ಕಾಣುವ ತರ್ಕದ ಆಯುಧ: ಜೇಡಗಳೇ ತುಂಬಿದ ಗ್ರಹದಲ್ಲಿ ಈ ಹೋಲಿಕೆ ಅತ್ಯಂತ ಸಹಜವಾಗಿ ಕಾಣುತ್ತಿತ್ತಲ್ಲವೇ? ಕ್ಲಿಯಾಂಥೆಸ್ ಹೇಳುವಂಥ ವಿನ್ಯಾಸವಾದದ ಪ್ರಸಿದ್ಧ ಸಮರ್ಥನೆಯಾದ, ಪಾದ್ರಿ ಪೇಲಿಯ ಗ್ರಂಥ ಬಂದದ್ದು ಇದಾದ ಮೇಲೆ, 1802ರಲ್ಲಿ. ಡಾರ್ವಿನ್‌ನ ಉತ್ತರ ಬಂದದ್ದು 1859ರಲ್ಲಿ. ಹ್ಯೂಮ್ ವಾದವನ್ನು ಅಲುಗಾಡಿಸಿದ್ದ. ಬದಲಿಗೆ ಇಡಲು ಅವನ ಬಳಿ ಗಟ್ಟಿಯಾದ ಬೇರೆ ವಿವರಣೆ ಇರಲಿಲ್ಲ. ಈ ಮಿತಿಯನ್ನು ಗಮನದಲ್ಲಿಟ್ಟುಕೊಂಡು ಓದಿದರೆ ಹತ್ತು ಮತ್ತು ಹನ್ನೊಂದನೆಯ ಭಾಗಗಳ ದುಃಖದ ವಿಚಾರ, ಒಳ್ಳೆಯ ದೇವರ ಜಗತ್ತಿನಲ್ಲಿ ಇಷ್ಟು ನೋವೇಕೆ ಎಂಬ ಪ್ರಶ್ನೆ, ಇನ್ನೂ ಆಳವಾಗಿ ತಟ್ಟುತ್ತದೆ.

ಮೊದಲ ಭಾಗದ ಒಂದು ಮಾತು ನನಗೆ ಬಹಳ ಪ್ರಿಯ. ನಿನ್ನ ಸಂಶಯ ನಿಜವೋ ಸುಳ್ಳೋ ಎಂಬುದು ಈ ಕೂಟ ಮುಗಿದ ಮೇಲೆ ತಿಳಿಯುತ್ತದೆ, ನೀನು ಬಾಗಿಲಿನಿಂದ ಹೋಗುತ್ತೀಯೋ ಕಿಟಕಿಯಿಂದ ಹೋಗುತ್ತೀಯೋ ನೋಡೋಣ ಎಂದು ಕ್ಲಿಯಾಂಥೆಸ್ ಫಿಲೋಗೆ ಹೇಳುತ್ತಾನೆ. ನ್ಯಾಯದರ್ಶನದ ನಮ್ಮ ಉದಯನಾಚಾರ್ಯರು ಚಾರ್ವಾಕನಿಗೆ ಕೊಟ್ಟ ಉತ್ತರದ ದಾರಿಯೂ ಇದೇ: ಸಂಶಯಕ್ಕೆ ವ್ಯಾಘಾತವೇ ಗಡಿ. ನಿನ್ನ ನಡತೆಯೇ ನಿನ್ನ ಸಂಶಯವನ್ನು ಸುಳ್ಳಾಗಿಸುವಲ್ಲಿ ಸಂಶಯ ನಿಲ್ಲಬೇಕು.

ಉಳಿದವು

ನೀತಿಯ ಮೇಲಿನ ಎರಡನೆಯ ಎನ್‌ಕ್ವೈರಿಯನ್ನು ಹ್ಯೂಮ್ ತನ್ನ ಕೃತಿಗಳಲ್ಲೇ ಅತ್ಯುತ್ತಮ ಎಂದುಕೊಂಡಿದ್ದ. ನನಗೆ ಹಾಗೆ ಅನಿಸಿಲ್ಲ. ಓದಲು ಹಿತವಾಗಿದೆ, ಆದರೆ ಟ್ರೀಟಿಸ್‌ನ ಮೂರನೆಯ ಸಂಪುಟದ ಚೂಪು ಇಲ್ಲಿ ಮೊಂಡಾಗಿದೆ. ಇತಿಹಾಸದ ಆರು ಸಂಪುಟಗಳು ಇತಿಹಾಸದ ವಿದ್ಯಾರ್ಥಿಗಳಿಗಿರಲಿ.

ಪ್ರಬಂಧಗಳ ಮಾತು ಬೇರೆ. ಅರ್ಥಶಾಸ್ತ್ರ ಓದುವವರು 1752ರಲ್ಲಿ ಬಂದ ಹಣ ಮತ್ತು ವ್ಯಾಪಾರ ಸಮತೋಲದ ಪ್ರಬಂಧಗಳಿಂದ ಶುರು ಮಾಡಬೇಕು. ಬ್ರಿಟನ್ನಿನ ಹಣದಲ್ಲಿ ಐದರಲ್ಲಿ ನಾಲ್ಕು ಪಾಲು ಒಂದೇ ರಾತ್ರಿಯಲ್ಲಿ ಮಾಯವಾದರೆ ಏನಾದೀತು ಎಂದು ಅಲ್ಲಿ ಕೇಳುತ್ತಾನೆ. ಬೆಲೆ ಕುಸಿಯುತ್ತದೆ, ಅಗ್ಗವಾದ ಸರಕು ಹೊರದೇಶಗಳಲ್ಲಿ ಮಾರಾಟವಾಗುತ್ತದೆ, ಚಿನ್ನ ಬೆಳ್ಳಿ ತಾನಾಗಿ ಮರಳಿ ಬರುತ್ತದೆ. ಬೊಕ್ಕಸದಲ್ಲಿ ಚಿನ್ನ ಕೂಡಿಹಾಕುವುದೇ ದೇಶದ ಸಂಪತ್ತು ಎಂದು ಭಾವಿಸಿದ್ದ ಕಾಲದಲ್ಲಿ ಬರೆದ ಮಾತು ಇದು. ಆಪ್ತ ಗೆಳೆಯ ಆಡಂ ಸ್ಮಿತ್‌ನ ಮಹಾಗ್ರಂಥ ಬರಲು ಇನ್ನೂ 24 ವರ್ಷ ಇತ್ತು.

ಆದರೆ ಅದೇ ಪ್ರಬಂಧಗಳ ಸಂಕಲನದಲ್ಲಿ, ರಾಷ್ಟ್ರಗಳ ಸ್ವಭಾವವನ್ನು ಕುರಿತ ಪ್ರಬಂಧಕ್ಕೆ ಹ್ಯೂಮ್ 1753ರಲ್ಲಿ ಒಂದು ಅಡಿಟಿಪ್ಪಣಿ ಸೇರಿಸಿದ. ಕಪ್ಪುವರ್ಣೀಯರು ಸಹಜವಾಗಿಯೇ ಬಿಳಿಯರಿಗಿಂತ ಕೀಳೆಂದು ತನಗೆ ಅನಿಸುತ್ತದೆ ಎಂದು ಅಲ್ಲಿದೆ. ಜಮೈಕಾದ ವಿದ್ಯಾವಂತನೊಬ್ಬನ ಸುದ್ದಿಯನ್ನು, ನಾಲ್ಕು ಮಾತು ಕಲಿತ ಗಿಳಿಯಿರಬೇಕು ಎಂದು ತಳ್ಳಿಹಾಕಿದ್ದಾನೆ. ಇದನ್ನು ಕಾಲದ ಮಿತಿ ಎಂದು ಬಿಡಲು ಬರುವುದಿಲ್ಲ. ಅವನ ಕಾಲದಲ್ಲೇ, 1770ರಲ್ಲಿ, ಸ್ಕಾಟ್‌ಲೆಂಡಿನ ಲೇಖಕ ಜೇಮ್ಸ್ ಬೀಟಿ ಪೆರು ಮತ್ತು ಮೆಕ್ಸಿಕೊದ ಸಾಮ್ರಾಜ್ಯಗಳನ್ನು ತೋರಿಸಿ ಈ ಮಾತನ್ನು ಖಂಡಿಸಿದ್ದ. ನನ್ನನ್ನು ಹೆಚ್ಚು ನೋಯಿಸುವುದು ಇನ್ನೊಂದು. ಪುರಾವೆಯಷ್ಟೇ ನಂಬಿಕೆ ಎಂದು ಜಗತ್ತಿಗೆ ಕಲಿಸಿದವನು, ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಪುರಾವೆ ಎದುರಿಗೆ ಬಂದಾಗ ಅದನ್ನು ತೂಗಲೇ ಇಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯ 2020ರಲ್ಲಿ ತನ್ನ ಕಟ್ಟಡವೊಂದಕ್ಕಿದ್ದ ಹ್ಯೂಮ್‌ನ ಹೆಸರನ್ನು ತೆಗೆಯಿತು. ಪ್ರಬಂಧಗಳನ್ನು ಓದುವವರು ಈ ಟಿಪ್ಪಣಿಯನ್ನು ಹಾರಿಸದೆ ಓದಬೇಕು. ಜಾತಿಯ ಬಗ್ಗೆ ಇಂಥವೇ ಮಾತುಗಳನ್ನು ಓದಿದವರಿಂದಲೂ ಕೇಳಿರುವ ನಮಗೆ ಅದರ ಧಾಟಿ ಅಪರಿಚಿತವಲ್ಲ.

ಯಾವ ಮುದ್ರಣ?

ಹ್ಯೂಮ್‌ನ ಎಲ್ಲ ಕೃತಿಗಳೂ ಹಕ್ಕುಸ್ವಾಮ್ಯದ ಆಚೆಗಿವೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮುದ್ರಿತ ಪ್ರತಿ ಕೊಳ್ಳುವುದಾದರೆ ಪ್ಯಾರಾಗಳಿಗೆ ಸಂಖ್ಯೆ ಕೊಟ್ಟಿರುವ ಪ್ರತಿಯನ್ನೇ ಆರಿಸಿ. ಹ್ಯೂಮ್ ಬಗ್ಗೆ ಈಚೆಗೆ ಬರೆಯುವವರಲ್ಲಿ ಹೆಚ್ಚಿನವರು ಆ ಸಂಖ್ಯೆಗಳನ್ನೇ ಹೇಳುವುದರಿಂದ, ಅವು ಇಲ್ಲದ ಅಗ್ಗದ ಪ್ರತಿಯಲ್ಲಿ ಒಂದು ವಾಕ್ಯ ಹುಡುಕಲು ಅರ್ಧ ಗಂಟೆ ಹೋಗುತ್ತದೆ. 18ನೆಯ ಶತಮಾನದ ಇಂಗ್ಲಿಷಿನ ಉದ್ದುದ್ದ ವಾಕ್ಯಗಳು ಕಷ್ಟವಾದರೆ, ಜೊನಾಥನ್ ಬೆನೆಟ್ ಇಂದಿನ ಇಂಗ್ಲಿಷಿಗೆ ಸರಳಗೊಳಿಸಿದ ಪಠ್ಯಗಳು ಉಚಿತವಾಗಿ ದೊರೆಯುತ್ತವೆ. ಟ್ರೀಟಿಸ್‌ಗೆ ಅದು ದೊಡ್ಡ ಆಸರೆ. ಎನ್‌ಕ್ವೈರಿಗೂ ಡೈಲಾಗ್ಸ್‌ಗೂ ಮಾತ್ರ ಮೂಲವನ್ನೇ ಓದಿ. ಆ ಗದ್ಯದ ಹದ ಸರಳಗೊಳಿಸಿದ ಪಠ್ಯದಲ್ಲಿ ಉಳಿಯುವುದಿಲ್ಲ.

ಇಂದು ರಾತ್ರಿಯೇ ಏನಾದರೂ ಓದಬೇಕೆನಿಸಿದರೆ ಅವನ ಆತ್ಮಕಥೆ ಇದೆ. 1776ರ ಏಪ್ರಿಲ್ 18ರಂದು, ಸಾವು ಹತ್ತಿರವಾಗಿದೆ ಎಂದು ತಿಳಿದು ಬರೆದ ಕೆಲವೇ ಪುಟಗಳು. ಅದರ ಜೊತೆಗೆ, ಗೆಳೆಯನ ಕೊನೆಯ ದಿನಗಳ ಬಗ್ಗೆ ಆಡಂ ಸ್ಮಿತ್ ಬರೆದ ಪತ್ರವೂ ಅಚ್ಚಾಗಿರುತ್ತದೆ. ದೇವರನ್ನು ನೆನೆಯದೆ ಒಬ್ಬ ಮನುಷ್ಯ ನೆಮ್ಮದಿಯಿಂದ ಸತ್ತ ಎಂದು ತಿಳಿಸಿದ್ದಕ್ಕೆ, ಬ್ರಿಟನ್ನಿನ ಇಡೀ ವಾಣಿಜ್ಯ ವ್ಯವಸ್ಥೆಯ ಮೇಲೆ ತಾನು ಮಾಡಿದ ಕಟುವಾದ ದಾಳಿಗಿಂತ ಹತ್ತು ಪಟ್ಟು ಹೆಚ್ಚು ಬೈಗುಳ ತಿನ್ನಬೇಕಾಯಿತು ಎಂದು ಸ್ಮಿತ್ ಆಮೇಲೆ ಬರೆದ. ಪತ್ರದಲ್ಲಿ ಹ್ಯೂಮ್ ನಗುತ್ತಾ, ಸತ್ತವರನ್ನು ನದಿ ದಾಟಿಸುವ ಅಂಬಿಗನ ಬಳಿ ಏನು ನೆಪ ಹೇಳಿ ಸ್ವಲ್ಪ ಸಮಯ ಕೇಳಲಿ ಎಂದು ಯೋಚಿಸುತ್ತಾನೆ. ಪುಸ್ತಕಗಳನ್ನು ತಿದ್ದುತ್ತಿದ್ದೇನೆ, ಹೊಸ ಮುದ್ರಣವನ್ನು ಜನ ಹೇಗೆ ಸ್ವೀಕರಿಸುತ್ತಾರೋ ನೋಡಿಕೊಂಡು ಬರುತ್ತೇನೆ ಎನ್ನಲೇ? ಅದು ಮುಗಿದರೆ ಇನ್ನೊಂದು ತಿದ್ದುಪಡಿ ಎನ್ನುತ್ತೀಯೆ, ಬಾ, ದೋಣಿ ಹತ್ತು ಎನ್ನುತ್ತಾನಂತೆ ಅಂಬಿಗ.